ಕಡುಗೆಂಪು ಕ್ರೀಮಿನ ಲೆಕ್ಕಾಚಾರ

ಕೇಕಿನ ಮೇಲೆ ಹಚ್ಚುವ ಕ್ರೀಮಿಗೆ ಹಳದಿ ಬಣ್ಣ ಸಲೀಸಾಗಿ ಒಲಿಯುತ್ತದೆ. ಎರಡು ಹನಿ ಬಿಟ್ಟು ನಾಲ್ಕು ಸುತ್ತು ಕಲಸಿದರೆ ಬಟ್ಟಲ ತುಂಬ ಮಾಗಿದ ನಿಂಬೆಯ ಬಣ್ಣ. ತಿಳಿ ನೀಲಿ, ತಿಳಿ ಹಸಿರಿನದೂ ದೊಡ್ಡ ತಕರಾರಿಲ್ಲ. ಸತಾಯಿಸುವುದು ಕೆಂಪು. ಎರಡು ಹನಿಗೆ ತಿಳಿಗುಲಾಬಿ, ಐದು ಹನಿಗೆ ಗುಲಾಬಿ, ಹತ್ತು ಹನಿಗೆ ಇನ್ನಷ್ಟು ಗುಲಾಬಿ. ಸೀಸೆ ಅರ್ಧ ಖಾಲಿಯಾದ ಮೇಲೆ ಕೆಂಪು ಎನ್ನಬಹುದಾದ ಬಣ್ಣ ಇಣುಕುತ್ತದೆ. ಅಷ್ಟರಲ್ಲಿ ಕ್ರೀಮು ಸಡಿಲಗೊಂಡು, ನಾಝಲ್‌ನಿಂದ ಬಿಟ್ಟ ಹೂವಿನ ಎಸಳು ನೆಟ್ಟಗೆ ನಿಲ್ಲುವುದಿಲ್ಲ. ಬಾಯಿಗಿಟ್ಟರೆ ಸಣ್ಣ ಕಹಿ. ತಿಂದವರ ನಾಲಗೆಯೆಲ್ಲ ಕೆಂಪು.

ಇಂಥ ಹೊತ್ತಿನಲ್ಲಿ ಕೈ ತಾನಾಗಿ ಹೋಗುವುದು ಮತ್ತೆ ಬಣ್ಣದ ಸೀಸೆಯ ಕಡೆಗೇ. ಆದರೆ ಕೆಂಪು ಕಡುವಾಗಬೇಕಾದರೆ ಬೆಳಕು ಆ ಬಣ್ಣದೊಳಗೆ ಸಾಕಷ್ಟು ದೂರ ಸಾಗಬೇಕು. ಬಿಳಿ ಕ್ರೀಮು ಬೆಳಕನ್ನು ಹೊಸ್ತಿಲಲ್ಲೇ ತಿರುಗಿಸಿ ಕಳಿಸುತ್ತದೆ. ಬಣ್ಣವನ್ನು ಹೆಚ್ಚಿಸುವುದು ಒಂದು ದಾರಿ, ಬೆಳಕಿನ ನಡಿಗೆಯನ್ನು ಉದ್ದ ಮಾಡುವುದು ಇನ್ನೊಂದು. ಮೊದಲನೆಯದು ದುಬಾರಿ, ಒಂದು ಹಂತದ ನಂತರ ಕಾನೂನಿಗೂ ಆರೋಗ್ಯಕ್ಕೂ ಒಗ್ಗದ ದಾರಿ. ಈ ಅಧ್ಯಾಯ ಎರಡನೆಯದರ ಕುರಿತು.

ಬಿಳುಪು ಎಲ್ಲಿಂದ ಬಂತು?

ಬಟರ್‌ಕ್ರೀಮಿನಲ್ಲಿ ಇರುವುದು ಬೆಣ್ಣೆ, ಪುಡಿಸಕ್ಕರೆ ಮತ್ತು ಬೀಟರ್ ತುಂಬಿದ ಗಾಳಿ. ಈ ಮೂರರಲ್ಲಿ ಒಂದೂ ಹುಟ್ಟಾ ಬಿಳಿಯಲ್ಲ. ಕಲ್ಲುಸಕ್ಕರೆಯ ಹರಳು ಬಹುಮಟ್ಟಿಗೆ ಪಾರದರ್ಶಕ. ಅದನ್ನೇ ಕುಟ್ಟಿ ಪುಡಿ ಮಾಡಿದರೆ ಅಚ್ಚ ಬಿಳುಪು. ಬೆಣ್ಣೆ ನಸುಹಳದಿ; ಬೀಟರ್ ಹಾಕಿ ನೊರೆಯೆಬ್ಬಿಸಿದಷ್ಟೂ ಬೆಳ್ಳಗಾಗುತ್ತದೆ. ಗಾಳಿಗಂತೂ ಬಣ್ಣವೇ ಇಲ್ಲ.

ಬಿಳುಪು ಹುಟ್ಟುವುದು ಈ ವಸ್ತುಗಳು ಒಂದನ್ನೊಂದು ಮುಟ್ಟುವ ಗಡಿಗಳಲ್ಲಿ. ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವಾಗ ಬಾಗುತ್ತದೆ, ಸ್ವಲ್ಪ ಭಾಗ ಹಿಂದಕ್ಕೆ ಪುಟಿಯುತ್ತದೆ. ಎಷ್ಟು ಎಂಬುದನ್ನು ತೀರ್ಮಾನಿಸುವುದು ಎರಡೂ ಬದಿಯ ವಕ್ರೀಭವನ ಸೂಚ್ಯಂಕಗಳ ಅಂತರ. ಗಾಳಿಯದು 1, ನೀರಿನದು 1.33, ಬೆಣ್ಣೆಯ ಕೊಬ್ಬಿನದು ಸುಮಾರು 1.46, ಸಕ್ಕರೆಯದು ಸುಮಾರು 1.55. ಎಲ್ಲಕ್ಕಿಂತ ದೊಡ್ಡ ಅಂತರ ಗಾಳಿಯ ಗುಳ್ಳೆಗೂ ಅದರ ಸುತ್ತಲಿನದಕ್ಕೂ ನಡುವೆ. ಒಂದು ಚಮಚ ಕ್ರೀಮಿನಲ್ಲಿ ಇಂಥ ಗಡಿಗಳು ಲೆಕ್ಕಕ್ಕೆ ಸಿಗದಷ್ಟಿವೆ. ಒಳಗೆ ಕಾಲಿಟ್ಟ ಬೆಳಕು ಕೂದಲೆಳೆಯಷ್ಟು ದೂರ ಹೋಗುವುದರೊಳಗೆ ಹಲವು ಸಲ ದಿಕ್ಕು ತಪ್ಪಿ ಹೊರಬೀಳುತ್ತದೆ. ಎಲ್ಲ ಬಣ್ಣದ ಬೆಳಕೂ ಸಮಸಮವಾಗಿ ಹೀಗೆ ಮರಳುವುದರಿಂದ ನಮಗೆ ಕಾಣುವುದು ಬಿಳಿ.

ಈ ಕ್ರೀಮಿಗೆ ಕೆಂಪು ಬಣ್ಣ ಬೆರೆತಿದೆ ಎನ್ನಿ. ನೀಲಿ ಮತ್ತು ಹಸಿರು ಬೆಳಕನ್ನು ನುಂಗುವುದು ಕೆಂಪು ಬಣ್ಣದ ಅಣುಗಳ ಕೆಲಸ. ನುಂಗಬೇಕಾದರೆ ಬೆಳಕು ಅವುಗಳನ್ನು ಹಾದುಹೋಗಬೇಕಲ್ಲ? ಅಷ್ಟರಲ್ಲೇ ಗುಳ್ಳೆಗಳೂ ಹರಳುಗಳೂ ಬೆಳಕಿನ ದೊಡ್ಡ ಪಾಲನ್ನು ಹೊರಗೆ ತಳ್ಳಿಬಿಡುತ್ತವೆ. ನುಂಗಿಸಿಕೊಳ್ಳದೆ ಪಾರಾದ ನೀಲಿ, ಹಸಿರು ಬೆಳಕು ಕೆಂಪಿನ ಜೊತೆ ಬೆರೆತು ಕಣ್ಣಿಗೆ ಬಂದಾಗ ಕಾಣುವುದು ಗುಲಾಬಿ.

ಒಣಗಿದ ಕೆಮ್ಮಣ್ಣಿನ ನೆಲಕ್ಕೆ ಮೊದಲ ಮಳೆ ಬಿದ್ದಾಗಲೂ ಇದೇ ತರ್ಕ ನಡೆಯುತ್ತದೆ. ಮಾಸಲಾಗಿದ್ದ ಮಣ್ಣು ನೋಡನೋಡುತ್ತ ಕಡುಗೆಂಪಾಗುತ್ತದೆ. ಮಣ್ಣಿನ ಕಬ್ಬಿಣದ ಆಕ್ಸೈಡು ಇದ್ದಷ್ಟೇ ಇದೆ. ಕಣಗಳ ನಡುವೆ ಗಾಳಿ ಇದ್ದ ಜಾಗಕ್ಕೆ ನೀರು ಬಂದು, ಗಡಿಗಳ ಅಂತರ ಕುಗ್ಗಿ, ಬೆಳಕು ಇನ್ನೂ ಆಳಕ್ಕೆ ಇಳಿಯಿತು, ಅಷ್ಟೆ.

ಹದಿನಾರು ಪಟ್ಟಿನ ಏರು

ಗುಲಾಬಿಯಿಂದ ಕೆಂಪಿಗೆ ಎಷ್ಟು ದೂರ? ಇದನ್ನು ಅಳೆಯುವ ಸಾಧನವೊಂದು ಪೇಂಟಿನ ಲೋಕದಿಂದ ಬಂದಿದೆ. 1931ರಲ್ಲಿ ಪೌಲ್ ಕುಬೆಲ್ಕಾ ಮತ್ತು ಫ್ರಾಂಜ್ ಮುಂಕ್ ಎಂಬಿಬ್ಬರು ಬಳಿದ ಬಣ್ಣದ ಪದರ ಬೆಳಕನ್ನು ಹೇಗೆ ಮರಳಿಸುತ್ತದೆ ಎಂಬುದಕ್ಕೆ ಒಂದು ಸರಳ ಸೂತ್ರ ಕೊಟ್ಟರು. ಪದರ ಸಾಕಷ್ಟು ದಪ್ಪವಿದ್ದರೆ, ಮರಳುವ ಬೆಳಕಿನ ಪ್ರಮಾಣವನ್ನು ನಿರ್ಧರಿಸುವುದು ಒಂದೇ ಒಂದು ಅನುಪಾತ: ಬೆಳಕನ್ನು ನುಂಗುವ ಶಕ್ತಿಯನ್ನು ಚದುರಿಸುವ ಶಕ್ತಿಯಿಂದ ಭಾಗಿಸಿದರೆ ಬರುವ ಸಂಖ್ಯೆ.

ಹಸಿರು ಬೆಳಕಿನ ಅರ್ಧದಷ್ಟು ಮರಳಿ ಬರುವ ಕ್ರೀಮು ನಮಗೆ ಗುಲಾಬಿಯಾಗಿ ಕಾಣುತ್ತದೆ. ಆಗ ಈ ಅನುಪಾತ 0.25. ಹಸಿರು ಬೆಳಕು ಹತ್ತನೆಯ ಒಂದು ಭಾಗಕ್ಕೆ ಇಳಿದು ಕ್ರೀಮು ನಿಜವಾಗಿ ಕೆಂಪೆನಿಸಬೇಕಾದರೆ ಅನುಪಾತ 4 ದಾಟಬೇಕು. ಅಂದರೆ ಹದಿನಾರು ಪಟ್ಟು. ಒಂದು ಹನಿಗೆ ಸೊಗಸಾದ ಗುಲಾಬಿ ಬಂದಿದ್ದರೆ ಕೆಂಪಿಗೆ ಹದಿನಾರು ಹನಿ ಬೇಕು. ಇನ್ನೂ ಗಾಢವಾಗಿ, ನೂರಕ್ಕೆ ಐದೇ ಭಾಗ ಮರಳುವಂತಾಗಲು ಅನುಪಾತ 9ಕ್ಕೆ, ಅಂದರೆ ಮೂವತ್ತಾರು ಹನಿಗೆ ಏರಬೇಕು.

ಭಾಗಾಕಾರದಲ್ಲಿ ಮೇಲಿನ ಸಂಖ್ಯೆಯನ್ನು ಹೆಚ್ಚಿಸಿದರೂ ಒಂದೇ, ಕೆಳಗಿನದನ್ನು ತಗ್ಗಿಸಿದರೂ ಒಂದೇ. ಚದುರಿಸುವ ಶಕ್ತಿಯನ್ನು ಅರ್ಧಕ್ಕಿಳಿಸಿದರೆ ಬಣ್ಣವನ್ನು ಎರಡು ಪಟ್ಟು ಮಾಡಿದ ಫಲವೇ ಸಿಗುತ್ತದೆ. ಕೇಕು ಮಾಡುವವರು ಅನುಭವದಿಂದ ಕಂಡುಕೊಂಡ ಉಪಾಯಗಳ ಒಳಗುಟ್ಟು ಬಹುಪಾಲು ಈ ಛೇದದಲ್ಲಿಯೇ ಇದೆ.

ಹಳದಿಗಿಲ್ಲದ ಕಷ್ಟ

ಹಾಗಾದರೆ ಅದೇ ಬಿಳಿ ಕ್ರೀಮಿನಲ್ಲಿ ಹಳದಿ ಏಕೆ ಒದ್ದಾಡುವುದಿಲ್ಲ? ಹಳದಿ ಬಣ್ಣ ನುಂಗಬೇಕಾದದ್ದು ನೇರಳೆ, ನೀಲಿ ಬೆಳಕನ್ನು ಮಾತ್ರ. ಟಾರ್ಟ್ರಜೀನ್ ಎಂಬ ಹಳದಿ ಬಣ್ಣದ ಹೀರಿಕೆಯ ಶಿಖರ ಇರುವುದು 427 ನ್ಯಾನೋಮೀಟರಿನ ಆಸುಪಾಸಿನಲ್ಲಿ. ನಮ್ಮ ಕಣ್ಣಿಗೆ ಕಾಣುವ ಹೊಳಪಿಗೆ ಆ ಭಾಗದ ಕೊಡುಗೆ ಅತ್ಯಲ್ಪ. ಕಣ್ಣು ಹಗಲಿನಲ್ಲಿ ಅತಿ ಚುರುಕಾಗಿರುವುದು 555 ನ್ಯಾನೋಮೀಟರಿನ ಹಸಿರು-ಹಳದಿಗೆ. ಕೆಂಪು ಕಾಣಬೇಕೆಂದರೆ ನೀಲಿಯಿಂದ ಹಿಡಿದು ಈ 555ನ್ನೂ ದಾಟಿ, ಸುಮಾರು 580ರವರೆಗಿನ ಇಡೀ ಪಟ್ಟೆಯನ್ನು ಅಳಿಸಬೇಕು. ಕಣ್ಣಿಗೆ ತೀರ ಪ್ರಿಯವಾದ ಬೆಳಕನ್ನೇ ತಡೆಯಬೇಕಾದ ಕೆಲಸ ಇದು. ಸ್ವಲ್ಪ ಸೋರಿದರೂ ಕಣ್ಣು ಪತ್ತೆ ಹಚ್ಚುತ್ತದೆ.

ಆ ಅಗಲವಾದ ಪಟ್ಟೆಯನ್ನು ಒಂದೇ ಬಣ್ಣ ಚೆನ್ನಾಗಿ ಮುಚ್ಚುವುದು ಅಪರೂಪ. ನಮ್ಮ ಬೇಕರಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕೆಂಪುಗಳಲ್ಲಿ ಪೊನ್ಸೊ 4ಆರ್‌ನ ಶಿಖರ ಸುಮಾರು 507ರಲ್ಲಿ, ಕಾರ್ಮೋಸಿನ್‌ನದು 516ರಲ್ಲಿ, ಎರಿಥ್ರೋಸಿನ್‌ನದು 526ರಲ್ಲಿ. ಎರಿಥ್ರೋಸಿನ್ ಹಸಿರನ್ನು ಬಿಗಿಯಾಗಿ ಹಿಡಿಯುತ್ತದೆ, ನೀಲಿಯನ್ನು ಬಿಟ್ಟುಕೊಡುತ್ತದೆ. ಆದ್ದರಿಂದಲೇ ಅದರ ಬಣ್ಣಕ್ಕೆ ಚೆರ್ರಿಯ ನೀಲಿಛಾಯೆ. ಅದನ್ನು ಎಷ್ಟೇ ಸುರಿದರೂ ಮೆಣಸಿನಹಣ್ಣಿನ ಕೆಂಪು ಬರುವುದಿಲ್ಲ. ಮೊದಲು ಕ್ರೀಮನ್ನು ಕಿತ್ತಳೆ ಅಥವಾ ಹಳದಿ ಮಾಡಿಕೊಂಡು ಆಮೇಲೆ ಕೆಂಪು ಬೆರೆಸುವ ಪದ್ಧತಿ ಇರುವುದು ಇದಕ್ಕೇ. ಹಳದಿ ಬಣ್ಣ ನೀಲಿಯ ಸೋರಿಕೆಗೆ ಬೆಣೆ ಹಾಕುತ್ತದೆ, ಕೆಂಪು ಬಣ್ಣ ಹಸಿರನ್ನು ನೋಡಿಕೊಳ್ಳುತ್ತದೆ.

ಕೋಕೋ ಪುಡಿಯ ಪಾತ್ರವೂ ಇಂಥದೇ. ಒಂದೆರಡು ಚಮಚ ಕೋಕೋ ಬೆರೆತ ಕ್ರೀಮು ನೀಲಿ-ಹಸಿರನ್ನು ಮುಂಚೆಯೇ ನುಂಗುತ್ತಿರುತ್ತದೆ. ಅದರ ಮೇಲೆ ಕೆಂಪಿಗೆ ಉಳಿಯುವ ಕೆಲಸ ಕಡಿಮೆ. ಕೋಕೋ ಕೆಂಪು ಬೆಳಕನ್ನೂ ಒಂದಿಷ್ಟು ನುಂಗುವುದರಿಂದ ಕೊನೆಗೆ ಸಿಗುವುದು ಮೆರೂನ್ ಕಡೆಗೆ ವಾಲಿದ ಕೆಂಪು.

ನೀರಿನ ಬಣ್ಣಕ್ಕೆ ಬೆಣ್ಣೆಯ ಮನೆ

ಈ ಸಂಶ್ಲೇಷಿತ ಕೆಂಪುಗಳೆಲ್ಲ ನೀರಿನಲ್ಲಿ ಕರಗುವ ಬಣ್ಣಗಳು, ಕೊಬ್ಬಿಗೆ ಸೇರುವುದಿಲ್ಲ. ಬೆಣ್ಣೆಯಲ್ಲಿ ನೀರಿನಂಶ ನೂರಕ್ಕೆ ಹದಿನಾರರಷ್ಟು. ಒಂದು ಪಾಲು ಬೆಣ್ಣೆಗೆ ಎರಡು ಪಾಲು ಪುಡಿಸಕ್ಕರೆ ಬೆರೆಸಿದರೆ ಒಟ್ಟು ಕ್ರೀಮಿನಲ್ಲಿ ನೀರು ನೂರಕ್ಕೆ ಐದು ಭಾಗದಷ್ಟು. ಅದೂ ಕೊಬ್ಬಿನ ನಡುವೆ ಸಣ್ಣ ಸಣ್ಣ ಹನಿಗಳಾಗಿ, ಸಕ್ಕರೆ ಪಾಕವಾಗಿ ಕುಳಿತಿರುತ್ತದೆ. ಬಣ್ಣಕ್ಕೆ ಇರುವ ಜಾಗ ಅಷ್ಟೇ. ಬೆಣ್ಣೆಯ ಬದಲು ವನಸ್ಪತಿ ಬಳಸಿದರೆ ಆ ಜಾಗವೂ ಇಲ್ಲ. ಬಣ್ಣ ಚುಕ್ಕೆ ಚುಕ್ಕೆಯಾಗಿ ನಿಲ್ಲುತ್ತದೆ.

ಕೆಂಪು ಕ್ರೀಮನ್ನು ಹಿಂದಿನ ದಿನವೇ ಮಾಡಿಡುವ ರೂಢಿಗೆ ಕಾರಣ ಇಲ್ಲಿದೆ. ರಾತ್ರಿ ಕಳೆಯುವುದರೊಳಗೆ ಬಣ್ಣ ನಿಧಾನವಾಗಿ ಹನಿಯಿಂದ ಹನಿಗೆ ಹರಡುತ್ತದೆ. ಗಾಳಿಯ ಗುಳ್ಳೆಗಳು ಕೂಡಿಕೊಂಡು ದೊಡ್ಡವಾಗುತ್ತವೆ, ಕೆಲವು ಒಡೆಯುತ್ತವೆ. ನುಂಗುವ ಶಕ್ತಿ ಏರುತ್ತದೆ, ಚದುರಿಸುವ ಶಕ್ತಿ ಇಳಿಯುತ್ತದೆ. ಗಾಢ ಗುಲಾಬಿಗೆ ನಿಲ್ಲಿಸಿ ಮಲಗಿದವರಿಗೆ ಬೆಳಿಗ್ಗೆ ಕೆಂಪು ಸಿಗುವುದುಂಟು.

ಅಷ್ಟು ಹೊತ್ತು ಕಾಯಲಾಗದವರು ಬಣ್ಣ ಹಾಕಿದ ಕ್ರೀಮಿನ ಒಂದು ಪಾಲನ್ನು ಬೇರೆ ಬಟ್ಟಲಿಗೆ ತೆಗೆದು, ಮೈಕ್ರೋವೇವ್‌ನಲ್ಲಿ ಕೆಲವೇ ಸೆಕೆಂಡು ಬಿಸಿ ಮಾಡಿ ಕರಗಿಸಿ, ಉಳಿದದ್ದಕ್ಕೆ ಸೇರಿಸುತ್ತಾರೆ. ಕರಗಿದಾಗ ಗುಳ್ಳೆಗಳು ಹೊರಟುಹೋಗುತ್ತವೆ, ಬಣ್ಣ ಸಮನಾಗಿ ಹರಡುತ್ತದೆ. ಹ್ಯಾಂಡ್ ಬ್ಲೆಂಡರನ್ನು ಕ್ರೀಮಿನಲ್ಲಿ ಪೂರ್ತಿ ಮುಳುಗಿಸಿ ತಿರುಗಿಸಿದರೂ ಇದೇ ಪರಿಣಾಮ. ಅದರ ಅಲಗು ಬಣ್ಣದ ಹನಿಗಳನ್ನು ಇನ್ನೂ ಸಣ್ಣದಾಗಿ ಒಡೆಯುತ್ತದೆ, ಹೊಸ ಗಾಳಿಯನ್ನು ಒಳಗೆ ಎಳೆಯುವುದಿಲ್ಲ.

ಇಂದು ಬೇಕರಿಗಳಲ್ಲಿ ಹೆಚ್ಚಾಗಿ ನಡೆಯುವ ವಿಪ್ಪಿಂಗ್ ಕ್ರೀಮಿನ ಕಥೆ ತಿರುವುಮುರುವು. ಅದರಲ್ಲಿ ನೀರೇ ಸುತ್ತುವರಿದ ಮಾಧ್ಯಮ, ಕೊಬ್ಬು ಅದರೊಳಗಿನ ಹನಿ. ಬಣ್ಣ ಕ್ಷಣದಲ್ಲಿ ಎಲ್ಲೆಡೆ ಹರಡುತ್ತದೆ. ಆದರೆ ಕ್ರೀಮು ಮೂರು ಪಟ್ಟು ಉಬ್ಬಿದರೆ ಅದರ ಗಾತ್ರದಲ್ಲಿ ಮೂರನೇ ಎರಡು ಭಾಗ ಗಾಳಿ. ಚದುರಿಸುವ ಗುಳ್ಳೆಗಳ ದಂಡೇ ಅಲ್ಲಿದೆ. ಕರಗಿಸಿದರೆ ಕ್ರೀಮೇ ಇಲ್ಲವಾಗುತ್ತದೆ. ವಿಪ್ಪಿಂಗ್ ಕ್ರೀಮಿನಲ್ಲಿ ಕಡುಗೆಂಪು ಹುಡುಕುವುದೆಂದರೆ ಸೀಸೆಗಟ್ಟಲೆ ಬಣ್ಣ ಸುರಿಯುವುದೆಂದೇ ಅರ್ಥ.

ಕೊನೆಯ ತೀರ್ಪು ದೀಪದ್ದು. ಕೆಂಪು ಕಾಣಬೇಕಾದರೆ ಬೀಳುವ ಬೆಳಕಿನಲ್ಲಿ ಕೆಂಪಿರಬೇಕು. ಹಳೆಯ ತಂತಿ ಬಲ್ಬಿನಲ್ಲಿ ಅದು ಧಾರಾಳವಾಗಿತ್ತು. ಅಗ್ಗದ ಬಿಳಿ ಎಲ್‌ಇಡಿಗಳಲ್ಲಿ ಕಡುಗೆಂಪಿನ ಭಾಗ ಬಡಕಲು. ದೀಪದ ಡಬ್ಬಿಯ ಮೇಲೆ ಅಚ್ಚಾಗುವ ಸಾಮಾನ್ಯ ವರ್ಣದರ್ಶಕ ಅಂಕವನ್ನು ಎಂಟು ಮಾದರಿ ಬಣ್ಣಗಳಿಂದ ಲೆಕ್ಕ ಹಾಕುತ್ತಾರೆ, ಆ ಎಂಟರಲ್ಲಿ ಗಾಢ ಕೆಂಪು ಇಲ್ಲ. ಹಾಗಾಗಿ ಅಂಕ ಚೆನ್ನಾಗಿದ್ದರೂ ದೀಪದಡಿ ಕೇಕು ಮಂಕಾಗಿ ಕಾಣಬಹುದು. ಬೆಳಕು ತೀರ ಮಂದವಾದರೆ ಬೇರೊಂದು ಆಟ ಶುರು. ಕಣ್ಣಿನ ಚುರುಕು 555ರಿಂದ 507ರ ಕಡೆಗೆ ಸರಿದು ಕೆಂಪು ಬಹುತೇಕ ಕಪ್ಪಾಗುತ್ತದೆ. ಜೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲೇ ಗುರುತಿಸಿದ ವಿದ್ಯಮಾನ ಇದು. ಮೇಣದಬತ್ತಿ ಹಚ್ಚಿ ದೀಪ ಆರಿಸಿದ ಕೋಣೆಯ ಮೂಲೆಯಲ್ಲಿ ಕುಳಿತವರಿಗೆ, ಅಷ್ಟು ಪಾಡುಪಟ್ಟು ತಂದ ಕೆಂಪು ಕಾಣುವುದು ಅನುಮಾನ.

ಸಸ್ಯಗಳ ಕೆಂಪು, ಕೀಟದ ಕೆಂಪು

ಸಹಜ ಬಣ್ಣಗಳಲ್ಲಿ ಕೆಂಪಿಗೆ ಕೊರತೆಯಿಲ್ಲ. ಒಂದೊಂದಕ್ಕೂ ಒಂದೊಂದು ಹಟ. ಕರಾವಳಿ, ಮಲೆನಾಡಿನ ಪುನರ್ಪುಳಿಯ ಕೆಂಪು ಆಂಥೋಸಯನಿನ್ ಗುಂಪಿನದು. ಹಣ್ಣಿನ ಹುಳಿಯಲ್ಲಿರುವಷ್ಟು ಹೊತ್ತೂ ಕೆಂಪು. ಹುಳಿಯಿಲ್ಲದ ಕ್ರೀಮಿಗೆ ಬಂದರೆ ಮಾಸಲು ನೇರಳೆಯ ಕಡೆಗೆ ತಿರುಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡುವ ಆರತಿಯ ಓಕುಳಿಯದು ಇದರ ವಿರುದ್ಧ ದಿಕ್ಕು. ಅರಿಶಿನದ ಕರ್ಕ್ಯುಮಿನ್ ಕ್ಷಾರದಲ್ಲಿ ಮಾತ್ರ ಕೆಂಪು, ನಿಂಬೆರಸ ಬಿದ್ದರೆ ಮರಳಿ ಹಳದಿ. ಸಂಶ್ಲೇಷಿತ ಎರಿಥ್ರೋಸಿನ್ ಕೂಡ ಹುಳಿಗೆ ಅಂಜುತ್ತದೆ. ನಿಂಬೆರಸ ಹೆಚ್ಚಾದ ಐಸಿಂಗಿನಲ್ಲಿ ಅದು ಕರಗದೆ ಗಷ್ಟಾಗಿ ನಿಲ್ಲುತ್ತದೆ.

ಬೀಟ್‌ರೂಟಿನ ಬೆಟಾನಿನ್ ಕ್ರೀಮಿನ ಹುಳಿ-ಕ್ಷಾರದ ಮಟ್ಟಕ್ಕೆ ಹೊಂದಿಕೊಳ್ಳುತ್ತದೆ. ಶಾಖ ಅದರ ವೈರಿ. ಒಲೆಯಲ್ಲಿ ಬೇಯುವ ಕೇಕಿನೊಳಗೆ ಕಂದಿಹೋಗುವ ಈ ಬಣ್ಣ, ಬೇಯಿಸದ ಐಸಿಂಗಿಗೆ ತಕ್ಕದ್ದು. ಅದರ ಶಿಖರ 535ರ ಬಳಿ ಇರುವುದರಿಂದ ನೀಲಿ ಸೋರುತ್ತದೆ, ಛಾಯೆ ಗುಲಾಬಿಯೇ. ಜೊತೆಗೆ ಜಿಯೋಸ್ಮಿನ್ ಎಂಬ ವಸ್ತುವಿನ ಮಣ್ಣುವಾಸನೆ.

ನೀಲಿಯನ್ನು ತಡೆಯುವ ಸಹಜ ಬಣ್ಣ ಹಾವೇರಿ ಸೀಮೆಯಲ್ಲಿದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಖಾರ ಕಮ್ಮಿ, ಬಣ್ಣ ಜಾಸ್ತಿ ಎಂದೇ ಹೆಸರಾದದ್ದು. ಅದರಿಂದ ತೆಗೆಯುವ ಓಲಿಯೋರೆಸಿನ್ ಆಹಾರದ ಬಣ್ಣವಾಗಿ ಪರದೇಶಗಳಿಗೂ ಹೋಗುತ್ತದೆ. ಅದರ ಕ್ಯಾಪ್ಸಾಂಥಿನ್ ಕೊಬ್ಬಿನಲ್ಲಿ ಕರಗುವ ಬಣ್ಣ, ಬೆಣ್ಣೆಯಲ್ಲಿ ಆರಾಮವಾಗಿ ನೆಲೆಸುತ್ತದೆ. ಒಂದೇ ಬಳಸಿದರೆ ಕಿತ್ತಳೆಗೆಂಪು. ಖಾರ ತೆಗೆದ ಮೆಣಸಿನ ಬಣ್ಣವನ್ನು ಬೀಟ್‌ರೂಟಿನ ಪುಡಿಯೊಂದಿಗೆ ಜೋಡಿಸಿದರೆ ಒಂದು ಕೊಬ್ಬಿನಲ್ಲಿದ್ದು ನೀಲಿಯನ್ನು, ಇನ್ನೊಂದು ನೀರಿನಲ್ಲಿದ್ದು ಹಸಿರನ್ನು ನುಂಗುತ್ತವೆ. ಒಂದರ ಜಾಗಕ್ಕೆ ಇನ್ನೊಂದು ಪೈಪೋಟಿ ಮಾಡುವುದಿಲ್ಲ.

ಇವೆಲ್ಲವನ್ನೂ ಮೀರಿಸಿದ ಕೆಂಪು ಮೆಕ್ಸಿಕೋ, ಪೆರು ದೇಶಗಳ ಪಾಪಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಕೀಟದ್ದು. ಬೆಳಕಿಗೂ ಶಾಖಕ್ಕೂ ಜಗ್ಗದ ಬಣ್ಣ. ಒಂದು ಪೌಂಡಿಗೆ ಸುಮಾರು 70,000 ಕೀಟಗಳು ಬೇಕೆಂಬುದು ರೂಢಿಯ ಲೆಕ್ಕ. ಸಸ್ಯಾಹಾರಿಗಳ ಮನೆಯ ಕೇಕಿಗೆ ಅದು ಸಲ್ಲದು.

ಮಿತಿಯ ಮಾತು

1856ರಲ್ಲಿ ವಿಲಿಯಂ ಪರ್ಕಿನ್ ಅನಿಲಿನ್‌ನಿಂದ ನೇರಳೆ ಬಣ್ಣ ಪಡೆದ ಮೇಲೆ ಕಲ್ಲಿದ್ದಲ ಟಾರಿನ ಬಣ್ಣಗಳು ಬಟ್ಟೆಯಿಂದ ತಟ್ಟೆಗೂ ಬಂದವು. ಅಮೆರಿಕ 1907ರಲ್ಲಿ ಆಹಾರಕ್ಕೆ ಏಳು ಸಂಶ್ಲೇಷಿತ ಬಣ್ಣಗಳನ್ನು ಒಪ್ಪಿತು, ಎರಿಥ್ರೋಸಿನ್ ಅವುಗಳಲ್ಲೊಂದು. ಗಂಡು ಇಲಿಗಳಲ್ಲಿ ಕಂಡ ಥೈರಾಯ್ಡ್ ಗಡ್ಡೆಗಳನ್ನು ಆಧಾರವಾಗಿಟ್ಟು 2025ರ ಜನವರಿಯಲ್ಲಿ ಅದೇ ದೇಶ ಆ ಬಣ್ಣದ ಅನುಮತಿ ಹಿಂತೆಗೆದುಕೊಂಡಿತು. ಆಹಾರ ತಯಾರಕರಿಗೆ 2027ರ ಜನವರಿವರೆಗೆ ಗಡುವು.

ಕರ್ನಾಟಕದಲ್ಲಿ 2024 ಬಣ್ಣಗಳ ವಿಚಾರಣೆಯ ವರ್ಷ. ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗಳಲ್ಲಿ ರೋಡಮೈನ್-ಬಿ ಬಳಕೆಗೆ ಸರ್ಕಾರ ತಡೆ ಹಾಕಿತು. ಅದು ಬಟ್ಟೆಗೆ ಹಾಕುವ ಬಣ್ಣ. ತಿನಿಸಿಗೆ ಅದರ ಅನುಮತಿಯೇ ಇಲ್ಲ. ಹಸಿರು ಬೆಳಕನ್ನು ನುಂಗಿ ಕಿತ್ತಳೆ-ಕೆಂಪು ಬೆಳಕಾಗಿ ಉಗುಳುವ ಪ್ರತಿದೀಪ್ತಿ ಗುಣದಿಂದ, ಚಿಟಿಕೆಯಷ್ಟು ಹಾಕಿದರೂ ಕಣ್ಣು ಕುಕ್ಕುತ್ತದೆ. ಅದೇ ವರ್ಷ ಆಹಾರ ಸುರಕ್ಷತಾ ಇಲಾಖೆ ಬೇಕರಿ ಕೇಕುಗಳ 235 ಮಾದರಿಗಳನ್ನು ಪರೀಕ್ಷಿಸಿದಾಗ 12ರಲ್ಲಿ ಕೃತಕ ಬಣ್ಣ ಸುರಕ್ಷಿತ ಮಟ್ಟ ಮೀರಿತ್ತು. ಅಕ್ಟೋಬರ್‌ನಲ್ಲಿ ಇಲಾಖೆ ಹೊರಡಿಸಿದ ಎಚ್ಚರಿಕೆಯಲ್ಲಿ ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಕೇಕುಗಳ ಹೆಸರಿತ್ತು. ಹದಿನಾರು ಪಟ್ಟಿನ ಲೆಕ್ಕ ಗೊತ್ತಿದ್ದವರಿಗೆ ಕೆಂಪು ಕೇಕಿನ ಹೆಸರು ಅಲ್ಲಿ ಕಂಡದ್ದು ಅಚ್ಚರಿಯಲ್ಲ.

ಭಾರತದಲ್ಲಿ ಸಂಶ್ಲೇಷಿತ ಬಣ್ಣಗಳಿಗೆ ಸಾಮಾನ್ಯ ಮೇಲ್ಮಿತಿ ಕಿಲೋಗ್ರಾಂಗೆ 100 ಮಿಲಿಗ್ರಾಂ. ಇದನ್ನು ದಿನದ ಸೇವನೆಯ ಮಿತಿಯ ಪಕ್ಕದಲ್ಲಿಟ್ಟು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ ಎರಿಥ್ರೋಸಿನ್‌ಗೆ ಇಟ್ಟ ಮಿತಿ ದಿನಕ್ಕೆ ದೇಹತೂಕದ ಕಿಲೋಗೆ 0.1 ಮಿಲಿಗ್ರಾಂ. 20 ಕಿಲೋ ತೂಕದ ಮಗುವಿಗೆ ಅದು 2 ಮಿಲಿಗ್ರಾಂ. 100ರ ಮಟ್ಟದಲ್ಲಿ ಬಣ್ಣವಿರುವ 20 ಗ್ರಾಂ ಐಸಿಂಗಿಗೆ ಮಿತಿ ಮುಗಿಯಿತು. ಪೊನ್ಸೊ 4ಆರ್‌ಗೆ ಅದೇ ಸಮಿತಿಯ ಮಿತಿ 4 ಮಿಲಿಗ್ರಾಂ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ್ದು 0.7. ಯುರೋಪಿನ ಅಳತೆಯಲ್ಲಿ ಅದೇ ಮಗುವಿಗೆ 140 ಗ್ರಾಂ ಐಸಿಂಗಿನವರೆಗೆ ಅವಕಾಶವಿದೆ. ಯಾವ ಕೆಂಪು ಎಂಬುದು ಎಷ್ಟು ಕೆಂಪು ಎಂಬಷ್ಟೇ ಮುಖ್ಯ.

ಎರಡು ಮಿಲಿಮೀಟರ್ ಸಾಕು

ಹಾಗಿದ್ದರೆ ಮಿತಿಯೊಳಗೆ ಕಡುಗೆಂಪು ಸಾಧ್ಯವೇ? ಬಿಳಿ ಕ್ರೀಮಿನಲ್ಲಿ ಕಷ್ಟ. ಪಾರದರ್ಶಕ ಪದರದಲ್ಲಿ ಧಾರಾಳವಾಗಿ ಸಾಧ್ಯ.

ಪೊನ್ಸೊ 4ಆರ್‌ನ ಹೀರಿಕೆಯ ಮಾನಕ ಅಳತೆ ಹೀಗಿದೆ: ನೂರಕ್ಕೆ ಒಂದು ಭಾಗದ ದ್ರಾವಣದಲ್ಲಿ ಒಂದು ಸೆಂಟಿಮೀಟರ್ ದಾರಿಗೆ 430. ಕಿಲೋಗೆ 100 ಮಿಲಿಗ್ರಾಂ ಎಂದರೆ ಅದರ ನೂರನೇ ಒಂದು ಭಾಗ, ಅಂದರೆ 4.3. ಇದು ಹತ್ತರ ಘಾತದ ಲೆಕ್ಕ. ಇಂಥ ತಿಳಿ ಜೆಲ್ಲಿನಲ್ಲಿ ಒಂದು ಸೆಂಟಿಮೀಟರ್ ಸಾಗುವುದರೊಳಗೆ 507ರ ಬೆಳಕು ಇಪ್ಪತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬಿಳಿ ಕೇಕಿನ ಮೇಲೆ ಈ ಜೆಲ್ಲನ್ನು ಎರಡೇ ಮಿಲಿಮೀಟರ್ ಹೊಯ್ದಿದ್ದೇವೆ ಎನ್ನಿ. ಬೆಳಕು ಅದನ್ನು ಹಾದು ಕೆಳಗಿನ ಬಿಳಿಗೆ ತಾಗಿ ಮತ್ತೆ ಅದನ್ನೇ ಹಾದು ಬರಬೇಕು. ದಾರಿ ನಾಲ್ಕು ಮಿಲಿಮೀಟರ್. ಮರಳಿ ಬರುವುದು ನೂರಕ್ಕೆ ಎರಡು ಭಾಗ. ಬಟರ್‌ಕ್ರೀಮಿನಲ್ಲಿ ಮೂವತ್ತಾರು ಹನಿ ಹಾಕಿದಾಗ ಬಂದದ್ದಕ್ಕಿಂತ ಗಾಢ.

ಇಲ್ಲಿ ಬಿಳಿ ಎದುರಾಳಿಯಾಗುವುದನ್ನು ಬಿಟ್ಟು ಕೂಲಿಯಾಳಾಯಿತು: ಬೆಳಕನ್ನು ಹಿಂದಕ್ಕೆ ಕಳಿಸಿ ಬಣ್ಣದೊಳಗೆ ಎರಡನೇ ಸಲ ನಡೆಸಿತು. ಸಕ್ಕರೆ, ಗ್ಲೂಕೋಸ್, ಜೆಲಟಿನ್ ಅಥವಾ ಪೆಕ್ಟಿನ್ ಸೇರಿಸಿ ಮಾಡುವ, ಬೇಕರಿಯವರು ಗ್ಲೇಜ್ ಎನ್ನುವ ಹೊಳಪಿನ ಪದರ ಅಷ್ಟು ಕಡುವಾಗಿ ಕಾಣುವುದು ಇದರಿಂದ.

ಕ್ರೀಮೇ ಬೇಕೆನ್ನುವವರಿಗೂ ಈ ಲೆಕ್ಕದಲ್ಲಿ ಪಾಠವಿದೆ. 20 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಕೇಕಿಗೆ ಐದು ಮಿಲಿಮೀಟರ್ ದಪ್ಪ ಕ್ರೀಮು ಹಚ್ಚಲು ಸುಮಾರು 470 ಮಿಲಿಲೀಟರ್ ಬೇಕು. ಒಳಗಿನ ನಾಲ್ಕು ಮಿಲಿಮೀಟರನ್ನು ಒಂದೆರಡು ಹನಿಯ ಗುಲಾಬಿಯಲ್ಲಿ ಮುಗಿಸಿ, ಮೇಲಿನ ಒಂದು ಮಿಲಿಮೀಟರಿಗೆ ಮಾತ್ರ ಕೆಂಪು ಕಲಸಿದರೆ ಕಡುಗೆಂಪು ಕ್ರೀಮು 95 ಮಿಲಿಲೀಟರಿಗಿಂತ ಹೆಚ್ಚು ಬೇಡ. ಬಣ್ಣದ ಖರ್ಚು ಹತ್ತಿರ ಹತ್ತಿರ ಐದನೇ ಒಂದು ಭಾಗಕ್ಕೆ ಇಳಿಯಿತು. ಕಣ್ಣಿಗೆ ಸಿಗುವುದು ಮೇಲಿನ ಪದರ, ಹೊಟ್ಟೆಗೆ ಹೋಗುವುದು ಪೂರ್ತಿ ಐಸಿಂಗು. ಒಳಗಿನ ನಾಲ್ಕು ಮಿಲಿಮೀಟರಿಗೆ ಸುರಿಯುವ ಕೆಂಪನ್ನು ಯಾರೂ ನೋಡುವುದಿಲ್ಲ, ಮಕ್ಕಳು ತಿನ್ನುತ್ತಾರೆ.